ಎಂಬತ್ತು ಎಡತೋಳುಗಳು

ಕಟಿಂಗ್ ಮಾಸ್ಟರಿಗೆ ವಯಸ್ಸು ನಲವತ್ತೊಂಬತ್ತು. ಅವರ ಶ್ವಾಸಕೋಶಕ್ಕೆ ಮಾತ್ರ ಎಪ್ಪತ್ತೊಂದು ಎಂದು ಆ ಪುಟ್ಟ ಯಂತ್ರ ಹೇಳಿಬಿಟ್ಟಿತು.

ಅವರು ಕೆಲಸ ಮಾಡುತ್ತಿದ್ದದ್ದು ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ. ವರ್ಷಕ್ಕೊಮ್ಮೆ ವೈದ್ಯರ ತಂಡ ಅಲ್ಲಿಗೆ ಬಂದು ಎಲ್ಲರ ಕಣ್ಣು, ರಕ್ತದೊತ್ತಡ ನೋಡಿ ಹೋಗುವುದು ವಾಡಿಕೆ. ಈ ಸಲ ಪುಟ್ಟ ಯಂತ್ರಕ್ಕೆ ಜೋಡಿಸಿದ ಒಂದು ಕೊಳವೆಯನ್ನೂ ತಂದಿದ್ದರು. ಅದನ್ನು ಬಾಯಿಗಿಟ್ಟುಕೊಂಡು ಒಳಗಿರುವ ಉಸಿರನ್ನೆಲ್ಲ ಒಂದೇ ಏಟಿಗೆ ಊದಬೇಕು. ಮಾಸ್ಟರು ಮೂರು ಸಲ ಊದಿದರು. ಮೂರನೆಯ ಸಲ ಕಣ್ಣಿಗೆ ಕತ್ತಲೆ ಕವಿದು ಮೇಜಿನ ಅಂಚು ಹಿಡಿದುಕೊಂಡರು. ಯಂತ್ರ ಕಿರಕಿರ ಸದ್ದು ಮಾಡಿ ಒಂದು ಚೀಟಿ ಉಗುಳಿತು.

"ಎಪ್ಪತ್ತೊಂದು ಯಾರದು?" ಎಂದು ಮಾಸ್ಟರು ಕೇಳಿದರು.

"ನಿಮ್ಮದೇ," ಎಂದರು ಡಾಕ್ಟರು. "ನಿಮ್ಮ ಉಸಿರು ಎಪ್ಪತ್ತೊಂದು ವರ್ಷದವರ ಉಸಿರಿನ ಹಾಗಿದೆ. ದಿನಕ್ಕೆ ಎಷ್ಟು ಸೇದ್ತೀರಿ?"

"ಒಂದು ಪ್ಯಾಕು. ಕೆಲಸ ಜಾಸ್ತಿ ಇದ್ರೆ ಒಂದೂವರೆ."

ಮನೆಗೆ ನಡೆದು ಹೋಗುವಾಗ ದಾರಿಯುದ್ದಕ್ಕೂ ಅವರು ಅದೇ ಲೆಕ್ಕ ಹಾಕಿದರು. ಎಪ್ಪತ್ತೊಂದರಲ್ಲಿ ನಲವತ್ತೊಂಬತ್ತು ಕಳೆದರೆ ಇಪ್ಪತ್ತೆರಡು. ಈ ಇಪ್ಪತ್ತೆರಡು ವರ್ಷ ತಾನು ಯಾವಾಗ ಬದುಕಿದೆ? ಒಂದೇ ಅಂಗಿಯೊಳಗೆ ಇಬ್ಬರು ನಡೆದು ಹೋಗುತ್ತಿದ್ದಾರೆ, ಒಬ್ಬ ಇನ್ನೊಬ್ಬನಿಗೆ ತಂದೆಯಾಗುವಷ್ಟು ದೊಡ್ಡವನು ಎನ್ನಿಸಿ ತಲೆಬುಡ ತಿಳಿಯದೆ ದಾರಿಯಲ್ಲೇ ಒಂದು ಹಚ್ಚಿದರು. ಅರ್ಧ ಸೇದಿದ ಮೇಲಷ್ಟೇ ತಾನು ಮಾಡುತ್ತಿರುವುದೇನು ಎಂಬುದು ಅವರಿಗೆ ಹೊಳೆದದ್ದು.

ಹೆಂಡತಿ ಆಸ್ಪತ್ರೆಯಲ್ಲಿ ಹಾಸು ಹೊದಿಕೆಗಳ ಉಗ್ರಾಣ ನೋಡಿಕೊಳ್ಳುವವಳು. ಚೀಟಿಯನ್ನು ಕನ್ನಡಕ ಏರಿಸಿ ಓದಿದಳು.

"ಹಾಗಾದ್ರೆ ಇಷ್ಟು ವರ್ಷ ನಾನು ನಮ್ಮಜ್ಜನ ಜೊತೆ ಸಂಸಾರ ಮಾಡಿದ ಹಾಗಾಯ್ತು," ಎಂದು ನಕ್ಕಳು. ಆಮೇಲೆ ನಗು ಅರ್ಧಕ್ಕೇ ನಿಂತಿತು. ಚೀಟಿಯನ್ನು ಹೊದಿಕೆ ಮಡಿಸುವ ಹಾಗೆ ಅಂಚಿಗೆ ಅಂಚು ಕೂಡಿಸಿ ಮಡಿಸಿ ತನ್ನ ಚೀಲದಲ್ಲಿಟ್ಟುಕೊಂಡಳು. "ನಮ್ಮ ಆಸ್ಪತ್ರೇಲಿ ಹದಿನಾಲ್ಕನೇ ರೂಮು ಇದಕ್ಕೇ ಇರೋದು. ಶನಿವಾರ ರಜೆ ಹಾಕಿ."

ಹದಿನಾಲ್ಕನೇ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಗೋಡೆಯ ಮೇಲೆ ಅರ್ಧ ಗುಲಾಬಿ ಅರ್ಧ ಕಪ್ಪು ಬಣ್ಣದ ಶ್ವಾಸಕೋಶದ ಚಿತ್ರ. ಸಲಹೆಗಾರ್ತಿ ಮೂವತ್ತು ದಾಟದ ಹುಡುಗಿ. ಬೈಯುತ್ತಾಳೆ ಎಂದುಕೊಂಡು ಬಂದಿದ್ದ ಮಾಸ್ಟರಿಗೆ ಅವಳು ಬೈಯದೆ ಇದ್ದದ್ದೇ ಮೊದಲ ಗೊಂದಲ.

"ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೇ ಸಿಗರೇಟು?"

"ಎದ್ದು ಅಂದ್ರೆ ಹಾಸಿಗೆಯಿಂದಾನಾ, ಕಣ್ಣು ಬಿಟ್ಟಾಗಿಂದಾನಾ?"

ಅವಳು ಪೆನ್ನು ಕೆಳಗಿಟ್ಟು ನಕ್ಕಳು. "ಸರಿ, ಐದು ನಿಮಿಷದೊಳಗೆ ಅಂತ ಬರ್ಕೋತೀನಿ. ಯಾವ ಸಿಗರೇಟು ಬಿಡೋದು ತುಂಬ ಕಷ್ಟ ಅನ್ಸುತ್ತೆ?"

"ಬಟ್ಟೆಗೆ ಕತ್ತರಿ ಮೆಷಿನ್ ಹಾಕೋಕೆ ಮುಂಚಿಂದು."

"ಅದ್ಯಾಕೆ?"

ಇದಕ್ಕೆ ಮಾಸ್ಟರು ಉತ್ತರ ಹುಡುಕುತ್ತಾ ಗೋಡೆಯ ಚಿತ್ರ ನೋಡಿದರು, ಕಿಟಕಿ ನೋಡಿದರು, ತಮ್ಮ ಹಳದಿಗಟ್ಟಿದ ಬೆರಳು ನೋಡಿಕೊಂಡರು. ಇಪ್ಪತ್ತಾರು ವರ್ಷದಲ್ಲಿ ಯಾಕೆ ಬಿಡಲ್ಲ ಎಂದು ಕೇಳಿದವರುಂಟು, ಯಾಕೆ ಸೇದುತ್ತೀಯ ಎಂದು ಯಾರೂ ಕೇಳಿರಲಿಲ್ಲ. "ಆ ಜಾಗ ಖಾಲಿ ಬಿಡಮ್ಮ," ಎಂದರು.

ಅವಳು ಕೊಟ್ಟದ್ದು ಮೂರು ವಸ್ತು. ತೋಳಿಗೆ ಅಂಟಿಸಿಕೊಳ್ಳುವ ನಿಕೋಟಿನ್ ಪಟ್ಟಿ, ದಿನಕ್ಕೊಂದು. ತಡೆಯಲಾರದ ಆಸೆ ಬಂದಾಗ ಜಗಿಯುವ ನಿಕೋಟಿನ್ ಗಮ್ಮು. ಒಂದು ಸಣ್ಣ ಪುಸ್ತಕ. ಆಸೆ ಯಾವಾಗ ಬಂತು, ಎಲ್ಲಿದ್ದೆ, ಏನು ಮಾಡಿದೆ ಎಂದು ಅದರಲ್ಲಿ ಬರೆಯಬೇಕು.

"ಸಿಗರೇಟು ಬಿಡಿಸೋಕೆ ಸಿಗರೇಟಿನಲ್ಲಿರೋದನ್ನೇ ಕೊಡ್ತೀರಲ್ಲ?"

"ನಿಮ್ಮನ್ನ ಹಿಡಿದಿಟ್ಟಿರೋದು ನಿಕೋಟಿನ್ನು. ಕೊಲ್ಲೋದು ಹೊಗೆ. ಮೊದಲು ಹೊಗೆ ನಿಲ್ಲಿಸೋಣ, ನಿಕೋಟಿನ್ನನ್ನ ಆಮೇಲೆ ಮೆಲ್ಲಗೆ ಇಳಿಸೋಣ. ಗುರುವಾರದಿಂದ ಶುರು ಮಾಡಿ. ಅವತ್ತಿಂದ ಒಂದೂ ಇಲ್ಲ."

ಮಾಸ್ಟರು ತಲೆಯಾಡಿಸಿದರು. ಅರ್ಥವಾಗಿತ್ತು. ಮೆಟ್ಟಿಲು ಇಳಿಯುವಷ್ಟರಲ್ಲಿ ಆಗಿದ್ದ ಅರ್ಥವೂ ಜಾರಿಹೋಗಿತ್ತು.

ಗುರುವಾರ ಬರುವುದರೊಳಗೆ ಊರಿಗೆಲ್ಲ ಸುದ್ದಿ ಹಬ್ಬಿ ಸಲಹೆಗಳು ಸಾಲುಗಟ್ಟಿದವು. ಹೆಂಡತಿಯ ತಮ್ಮ ಮನೆತನಕ ಬಂದು ತನ್ನ ಕಿವಿ ಹಿಡಿದು ತೋರಿಸಿದ. "ಭಾವ, ಇಲ್ಲಿ ನೋಡಿ, ಈ ಜಾಗಕ್ಕೆ ಐದು ಸೂಜಿ ಚುಚ್ಚಿಸ್ಕೊಂಡೆ. ಆರನೇ ದಿನಕ್ಕೆ ಸಿಗರೇಟಿನ ವಾಸನೆ ಕಂಡ್ರೆ ಆಗ್ತಿರಲಿಲ್ಲ. ಪಟ್ಟಿ ಗಿಟ್ಟಿ ಎಲ್ಲ ಸುಮ್ನೆ." ಕಾರ್ಖಾನೆಯ ಒಡತಿ, "ಮನಸ್ಸು ಗಟ್ಟಿ ಮಾಡಬೇಕಷ್ಟೇ, ಔಷಧಿಯಿಂದ ಬಿಟ್ಟರೆ ಅದು ಬಿಟ್ಟ ಹಾಗಲ್ಲ," ಎಂದರು. ಕಾಜಾ ಹಾಕುವ ಯಂತ್ರದ ಮುಂದೆ ಕೂತು ದಿನಕ್ಕೆ ಸಾವಿರ ಗುಂಡಿತೂತು ಹೊಲಿಯುವ ಕಾಜಣ್ಣನ ದಾರಿಯೇ ಬೇರೆ. ಅವನು ದಿನಕ್ಕೊಂದು ಕಡಿಮೆ ಮಾಡುತ್ತಾ ಬರುವವನು. ಹನ್ನೊಂದು ವರ್ಷದಿಂದ ಕಡಿಮೆ ಮಾಡುತ್ತಲೇ ಇದ್ದ. "ಒಂದೇ ಸಲ ನಿಲ್ಲಿಸಿದ್ರೆ ಹೃದಯ ಹೆದರಿಬಿಡುತ್ತೆ ಮೇಷ್ಟ್ರೇ," ಎಂದು ಕಾಳಜಿಯಿಂದ ಹೇಳಿದ.

ಎಲ್ಲರ ಮಾತಿನಲ್ಲೂ ಒಂದಿಷ್ಟು ಸತ್ಯ ಇದ್ದ ಹಾಗೆ ಕಂಡಿತು. ಯಾರ ಮನಸ್ಸನ್ನೂ ನೋಯಿಸಬಾರದೆಂದು ಮಾಸ್ಟರು ಬುಧವಾರ ಸಂಜೆ ಕಿವಿಗೆ ಸೂಜಿ ಚುಚ್ಚಿಸಿಕೊಂಡರು, ಗುರುವಾರ ಬೆಳಿಗ್ಗೆ ಪಟ್ಟಿ ಅಂಟಿಸಿಕೊಂಡರು, ಕನ್ನಡಿಯ ಮುಂದೆ ನಿಂತು ಮನಸ್ಸನ್ನೂ ಗಟ್ಟಿ ಮಾಡಿಕೊಂಡರು. ಪ್ಯಾಕಿನಲ್ಲಿ ಉಳಿದಿದ್ದ ಮೂರು ಸಿಗರೇಟನ್ನು ಹೆಂಡತಿ ನೀರಿನ ಬಕೆಟ್ಟಿಗೆ ಹಾಕಿದಳು. ಅವು ಉಬ್ಬಿ, ಬಿರಿದು, ನೀರೆಲ್ಲ ಕಂದುಬಣ್ಣಕ್ಕೆ ತಿರುಗುವುದನ್ನು ಇಬ್ಬರೂ ಸ್ವಲ್ಪ ಹೊತ್ತು ನೋಡುತ್ತ ನಿಂತರು.

ಮೊದಲ ದಿನ ಹತ್ತು ಗಂಟೆಗೆ ತಲೆ ಗಿರ್ರೆಂದಿತು. ಹೊಟ್ಟೆ ತೊಳಸಿತು. ಇದು ನಿಕೋಟಿನ್ ಸಾಲದೆ ಆಗುತ್ತಿರುವುದೋ, ಹೆಚ್ಚಾಗಿಯೋ? ಮಾಸ್ಟರು ನಿಕೋಟಿನ್ ಪಟ್ಟಿಯ ಡಬ್ಬಿಯಲ್ಲಿದ್ದ ಕಾಗದ ಬಿಡಿಸಿ ಓದಿದರು. ಸಾಲದಿದ್ದರೆ: ತಲೆನೋವು, ಚಡಪಡಿಕೆ, ಹೊಟ್ಟೆ ಸರಿಯಿಲ್ಲದಿರುವುದು. ಹೆಚ್ಚಾದರೆ: ತಲೆಸುತ್ತು, ಹೊಟ್ಟೆ ತೊಳಸುವುದು, ತಲೆನೋವು. ಎರಡು ಸಾಲಿನ ಮೇಲೂ ಬೆರಳಿಟ್ಟು ಹೋಲಿಸಿ ನೋಡಿದರು. ತನಗೆ ಎರಡೂ ಇತ್ತು. ಸಾಲದು ಎಂದುಕೊಂಡು ಒಂದು ಗಮ್ಮು ಬಾಯಿಗೆ ಹಾಕಿ ಚೆನ್ನಾಗಿ ಜಗಿದರು. ಅದನ್ನು ನಾಲ್ಕು ಸಲ ಜಗಿದು, ನಾಲಿಗೆ ಚುರುಗುಟ್ಟಿದ ಕೂಡಲೇ ಕೆನ್ನೆಯ ಒಳಗೆ ಸುಮ್ಮನೆ ಇಟ್ಟುಕೊಳ್ಳಬೇಕೆಂದು ಹುಡುಗಿ ಹೇಳಿದ್ದಳು. ಅದು ನೆನಪಾಗುವಷ್ಟರಲ್ಲಿ ಬಿಕ್ಕಳಿಕೆ ಶುರುವಾಗಿತ್ತು. ಮಧ್ಯಾಹ್ನದವರೆಗೂ ಬಟ್ಟೆಯ ಮೇಲೆ ಗೆರೆ ಎಳೆಯುವಾಗ ಪ್ರತಿ ಬಿಕ್ಕಳಿಕೆಗೂ ಸೀಮೆಸುಣ್ಣ ಹಾರುತ್ತಿತ್ತು.

"ಮೇಷ್ಟ್ರೇ, ಯಾರೋ ನೆನೆಸ್ಕೋತಿದ್ದಾರೆ," ಎಂದಳು ತೋಳಕ್ಕ. ಕೋಟುಗಳಿಗೆ ತೋಳು ಕೂಡಿಸುವುದೇ ಅವಳ ಕೆಲಸವಾದ್ದರಿಂದ ಆ ಹೆಸರು.

"ಸಿಗರೇಟಿರಬೇಕು," ಎಂದರು ಮಾಸ್ಟರು.

ನಾಲ್ಕನೆಯ ದಿನದಿಂದ ಕನಸುಗಳು ಬರತೊಡಗಿದವು. ಅಂಥ ಕನಸನ್ನು ಅವರು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ದಿನಾ ನಿಂತು ಸೇದುತ್ತಿದ್ದ ಕಾರ್ಖಾನೆಯ ಹಿತ್ತಲ ಮೆಟ್ಟಿಲ ಕಬ್ಬಿಣದ ಕಂಬಿಯ ತಣ್ಣನೆ, ಅಂಗಿಯ ಮೇಲಿನ ನೂಲಿನ ಚೂರು, ಎಲ್ಲವೂ ಕೈಗೆ ಸಿಗುವ ಹಾಗೆ. ಸೋಮವಾರ ಬೆಳಿಗ್ಗೆ ಹಾಸಿಗೆಯಲ್ಲಿ ಎದ್ದು ಕೂತು ಪುಸ್ತಕ ತೆಗೆದು, "ನಿನ್ನೆ ಒಂದು ಸೇದಿದೆ. ಹಿತ್ತಲ ಮೆಟ್ಟಿಲಲ್ಲಿ," ಎಂದು ಬರೆದರು. ಬರೆದು ಹೆಂಡತಿಗೆ ತೋರಿಸಿದರು, ಕಳ್ಳನ ಹಾಗೆ ಮುಖ ಇಳಿಬಿಟ್ಟುಕೊಂಡು.

"ನಿನ್ನೆ ಭಾನುವಾರ ಅಲ್ವೇನ್ರೀ? ಕಾರ್ಖಾನೆ ಬಾಗಿಲೇ ತೆಗೆದಿರಲಿಲ್ಲ."

ಮಾಸ್ಟರು ಕಕ್ಕಾಬಿಕ್ಕಿಯಾದರು. ಹೆಂಡತಿ ಅವರ ಬಾಯಿ ಹತ್ತಿರ ಮೂಗು ತಂದು ಮೂಸಿದಳು, ನಿನ್ನೆಯ ಅಂಗಿ ಮೂಸಿದಳು. "ಏನೂ ಇಲ್ಲ. ಸೋಪಿನ ವಾಸನೆ. ಕನಸು ಕಂಡಿದ್ದೀರಿ."

"ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ ಕಣೇ. ಕಾಜಣ್ಣ ಬೆಂಕಿ ಕೊಟ್ಟ."

"ಕೊಟ್ಟಿರಲಿ ಬಿಡಿ. ಕನಸಲ್ಲಿ ಕೊಟ್ಟ."

ಬರೆದದ್ದನ್ನು ಹೊಡೆದುಹಾಕಿದರು. ಆದರೆ ಅಂದಿನಿಂದ ತನ್ನ ನೆನಪನ್ನು ನಂಬುವುದು ಹೇಗೆ ಎಂಬ ದಿಗಿಲು ಅವರೊಳಗೆ ಕೂತಿತು. ಬಾಗಿಲಿಗೆ ಬೀಗ ಹಾಕಿದೆನೋ, ಹಾಕಿದ ಹಾಗೆ ಕನಸು ಕಂಡೆನೋ? ಒಡತಿ ಅಳತೆ ಬದಲಾಗಿದೆ ಎಂದದ್ದು ನಿಜವಾಗಿಯೋ? ಸಣ್ಣ ವಿಷಯಕ್ಕೂ ಪಕ್ಕದವರನ್ನು ಕೇಳತೊಡಗಿದರು. ಕೇಳಿ ಕೇಳಿ ನಾಚಿಕೆಯಾಗಿ, ಆಮೇಲೆ ಕೇಳುವುದನ್ನೇ ಬಿಟ್ಟರು.

ಅದೇ ವಾರ ವಾದ್ಯಮೇಳದವರ ನಲವತ್ತು ಕೋಟುಗಳ ಬಟ್ಟೆ ಮೇಜಿಗೆ ಬಂತು. ಕಡುಗೆಂಪು ಉಣ್ಣೆ. ನಲವತ್ತು ಪದರ ಬಟ್ಟೆಯನ್ನು ಎಲ್ಲದರ ಮುಖ, ಅಂದರೆ ಹೊರಗೆ ಕಾಣುವ ಬದಿ, ಮೇಲಾಗಿ ಒಂದರ ಮೇಲೊಂದು ಹಾಸಿ, ರಟ್ಟಿನ ಅಚ್ಚು ಇಟ್ಟು ಗೆರೆ ಎಳೆದು, ವಿದ್ಯುತ್ ಕತ್ತರಿಯಿಂದ ಒಂದೇ ಸಲ ಕತ್ತರಿಸುವುದು ಕ್ರಮ. ತೋಳಿನ ಅಚ್ಚನ್ನು ಒಮ್ಮೆ ಹಾಗೇ ಇಟ್ಟು ಗೆರೆ ಎಳೆಯಬೇಕು, ಅದು ಎಡತೋಳು. ಆಮೇಲೆ ಮಗುಚಿ ಇಟ್ಟು ಎಳೆಯಬೇಕು, ಅದು ಬಲತೋಳು. ಕಲಿಯುವವರಿಗೆ ಮೊದಲ ದಿನ ಹೇಳಿಕೊಡುವ ಪಾಠವೇ ಇದು. ಬುಧವಾರ ಬೆಳಿಗ್ಗೆ ಮಾಸ್ಟರು ಅಚ್ಚು ಮಗುಚಿಟ್ಟದ್ದು ಅವರಿಗೆ ಸ್ಪಷ್ಟವಾಗಿ ನೆನಪಿತ್ತು. ರಟ್ಟಿನ ಮೂಲೆ ಬೆರಳಿಗೆ ತಗುಲಿ ಚರ್ಮ ತರಚಿದ್ದೂ ನೆನಪಿತ್ತು. ಕತ್ತರಿ ಯಂತ್ರದ ಗುಂಡಿ ಒತ್ತಿದರು. ಅದು ಜೇನುಹುಳದ ಹಾಗೆ ಗುಂಯ್ ಎನ್ನುತ್ತಾ ಬಟ್ಟೆಯೊಳಗೆ ಇಳಿಯಿತು.

ಮರುದಿನ ಮಧ್ಯಾಹ್ನ ತೋಳಕ್ಕ ಒಂದು ತೋಳು ಹಿಡಿದುಕೊಂಡು ಬಂದಳು.

"ಮೇಷ್ಟ್ರೇ, ಬಲಗೈ ಕಟ್ಟು ಯಾವುದು?"

"ನೀಲಿ ದಾರ ಕಟ್ಟಿರೋದು."

"ಅದೂ ಎಡಗೈದೇ."

"ಸರಿಯಾಗಿ ನೋಡು."

"ನೋಡಿಯೇ ಬಂದೆ. ಎಲ್ಲಾ ಎಡಗೈದೇ. ಎಂಬತ್ತೂ."

ಮಾಸ್ಟರು ಎದ್ದು ಹೋಗಿ ಕಟ್ಟು ಬಿಚ್ಚಿದರು. ಒಂದು, ಎರಡು, ಹತ್ತು. ಮೊಣಕೈಯ ಬಾಗು ಎಲ್ಲದರಲ್ಲೂ ಒಂದೇ ಕಡೆಗೆ. ಬೆರಳು ನೋಡಿಕೊಂಡರು. ತರಚಿದ ಗಾಯ ಇರಲೇ ಇಲ್ಲ. ಅಂದರೆ ಅಚ್ಚು ಮಗುಚಿಟ್ಟದ್ದು ಬುಧವಾರ ಬೆಳಿಗ್ಗೆಯಲ್ಲ. ಅದಕ್ಕೂ ಮುಂಚೆ, ನಿದ್ದೆಯಲ್ಲಿ.

ಒಡತಿ ಬಂದರು. ಅವರು ಕೂಗಾಡುವವರಲ್ಲ, ಅದೇ ಕಷ್ಟ. "ಈ ಬಣ್ಣದ ಬಟ್ಟೆ ಇನ್ನೊಂದು ಥಾನು ಸಿಗಲ್ಲ ಮಾಸ್ಟರ್. ಗಿರಣಿಯವರು ಮತ್ತೆ ಬಣ್ಣ ಹಾಕಿದ್ರೆ ಬೇರೆ ಕೆಂಪಾಗುತ್ತೆ. ಅದು ನಿಮಗೇ ಗೊತ್ತು." ಒಂದು ತೋಳನ್ನು ಕೈಗೆತ್ತಿಕೊಂಡು, "ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಹೀಗಾಗಿರಲಿಲ್ಲ. ಏನಾಗಿದೆ ನಿಮಗೆ?" ಎಂದರು.

ಏನಾಗಿದೆ ಎಂದು ಮಾಸ್ಟರಿಗೂ ಗೊತ್ತಿದ್ದರೆ ತಾನೇ ಹೇಳುವುದು. ಕಾಲು ತಾನಾಗಿ ಹಿತ್ತಲ ಮೆಟ್ಟಿಲಿನ ಕಡೆ ನಡೆಯಿತು. ಅಲ್ಲಿ ಕಾಜಣ್ಣ ಗೋಡೆಗೊರಗಿ ಸೇದುತ್ತಿದ್ದ.

"ಒಂದು ಕೊಡು."

"ಬೇಡ ಮೇಷ್ಟ್ರೇ, ಎಂಟು ದಿನ ಆಯ್ತಲ್ಲ."

"ಕೊಡು ಅಂದ್ನಲ್ಲ."

ಕಾಜಣ್ಣ ಕೊಟ್ಟ. ಕಡ್ಡಿ ಗೀರಿ ಹಿಡಿದ. ಮೊದಲ ದಮ್ಮಿಗೆ ಎದೆಯೊಳಗೆ ಯಾರೋ ಹಳೆಯ ಪರಿಚಯದವರು ಬಂದು ಕೂತ ಹಾಗಾಯಿತು. ಎರಡನೆಯ ದಮ್ಮಿಗೆ ಬಾಯೆಲ್ಲ ಸುಟ್ಟ ರಬ್ಬರಿನ ರುಚಿ. ಇಷ್ಟು ವರ್ಷ ಇದೇ ರುಚಿಯಿತ್ತೇ, ಇವತ್ತು ಮಾತ್ರ ಹೀಗೋ? ಮೆಟ್ಟಿಲ ಮೇಲೆ ಕೂತುಬಿಟ್ಟರು. ಬೆರಳ ನಡುವೆ ಸಿಗರೇಟು ತಾನೇ ಉರಿಯುತ್ತಿತ್ತು.

"ಕಾಜಣ್ಣ, ಇದು ನಿಜವಾಗ್ಲೂ ನಡೀತಿದೆ ತಾನೇ?"

ಕಾಜಣ್ಣನಿಗೆ ಹೆದರಿಕೆಯಾಯಿತು. "ಹೌದು ಮೇಷ್ಟ್ರೇ. ಯಾಕೆ ಹಾಗೆ ಕೇಳ್ತೀರಿ?"

"ಪುಸ್ತಕದಲ್ಲಿ ಬರೀಬೇಕು. ಅದಕ್ಕೆ."

ಸಿಗರೇಟನ್ನು ಕಂಬಿಗೆ ಉಜ್ಜಿ ಆರಿಸಿದರು. ಕೆಲಸ ಬಿಡುವುದೇ ಮೇಲೇನೋ, ಒಡತಿಗೆ ಇವತ್ತೇ ಹೇಳಿಬಿಡೋಣ ಎಂದುಕೊಳ್ಳುತ್ತಾ ಒಳಗೆ ಬಂದರೆ, ತೋಳಕ್ಕನ ಯಂತ್ರದ ಸುತ್ತ ಮೂರು ನಾಲ್ಕು ಜನ ಬಗ್ಗಿ ನಿಂತಿದ್ದರು. ಅವಳು ಒಂದು ಕೋಟನ್ನು ಅಳತೆ ನೋಡುವ ಆಳೆತ್ತರದ ಗೊಂಬೆಗೆ ತೊಡಿಸಿದ್ದಳು. ಅದಕ್ಕೆ ಎರಡು ತೋಳಿತ್ತು. ಒಂದು ಎಡಕ್ಕೆ ಬಾಗಿತ್ತು, ಒಂದು ಬಲಕ್ಕೆ.

"ಇದೆಲ್ಲಿಂದ ಬಂತು?" ಎಂದು ಮಾಸ್ಟರು ಕೇಳಿದರು.

"ಎಲ್ಲಿಂದಲೂ ಬರಲಿಲ್ಲ. ಎಡತೋಳನ್ನೇ ಒಳಹೊರಗು ಮಾಡಿ ಕೂಡಿಸಿದೆ. ಬಟ್ಟೆಯ ಬೆನ್ನು ಹೊರಗೆ ಬಂತು, ಅಷ್ಟೇ."

ಇದು ಮಾಸ್ಟರಿಗೆ ಹೊಳೆಯದ ಉಪಾಯವೇನಲ್ಲ. ಎರಡೂ ಕಡೆ ಒಂದೇ ತರ ಇರುವ ಬಟ್ಟೆಯಾಗಿದ್ದರೆ ಅವರೇ ಹೇಳಿರುತ್ತಿದ್ದರು. ಆದರೆ ಈ ಉಣ್ಣೆಗೆ ಮುಖದ ಕಡೆ ಸಣ್ಣ ಜೂಲು, ಮೆತ್ತನೆಯ ರೋಮ ಇತ್ತು, ಬೆನ್ನಿನ ಕಡೆ ಇರಲಿಲ್ಲ. ಅಥವಾ ಹಾಗೆಂದು ಬಟ್ಟೆ ಬಂದ ದಿನ ಅವರಿಗೆ ಅನ್ನಿಸಿತ್ತು. ಗೊಂಬೆಯನ್ನು ಕಿಟಕಿಯ ಹತ್ತಿರ ಎಳೆದು ಎರಡೂ ತೋಳಿನ ಮೇಲೆ ಬೆರಳಾಡಿಸಿದರು. ಎಡ ಸ್ವಲ್ಪ ಮೆತ್ತಗೆ? ಬಲ? ಎರಡು ಕೆಂಪನ್ನು ಹತ್ತು ಮಾರು ದೂರದಿಂದ ಬೇರೆ ಮಾಡಬಲ್ಲ ಕಣ್ಣು ಅವರದು. ಈಗ ಅದು ಒಂದು ಸಲ ವ್ಯತ್ಯಾಸ ಇದೆ ಎನ್ನುತ್ತಿತ್ತು, ರೆಪ್ಪೆ ಬಡಿದರೆ ಇಲ್ಲ ಎನ್ನುತ್ತಿತ್ತು.

"ನನಗೆ ಕಾಣಿಸ್ತಾ ಇದೆ," ಎಂದರು ಒಡತಿ. "ಬಲಗಡೆ ಸ್ವಲ್ಪ ಮಂಕು."

"ಅದು ಕಿಟಕಿ ನೆರಳು ಮೇಡಂ," ಎಂದಳು ತೋಳಕ್ಕ.

ಗೊಂಬೆಯನ್ನು ತಿರುಗಿಸಿದರು. ಒಡತಿ ಹುಬ್ಬು ಗಂಟಿಕ್ಕಿ ನೋಡಿದರು. "ಈಗ ಎಡಗಡೆ ಮಂಕು ಕಾಣ್ತಿದೆ."

"ಹೇಳ್ಲಿಲ್ವಾ?"

ಎಲ್ಲರೂ ಮಾಸ್ಟರ ಮುಖ ನೋಡಿದರು. ಕೊನೆಯ ಮಾತು ಯಾವಾಗಲೂ ಅವರದೇ. ತಮ್ಮ ಕಣ್ಣು ಕೆಟ್ಟಿದೆಯೋ, ತಲೆ ಕೆಟ್ಟಿದೆಯೋ, ಬಟ್ಟೆಗೇ ಮುಖಬೆನ್ನು ಇಲ್ಲವೋ ಎಂದು ಅವರಿಗೆ ನಿಜಕ್ಕೂ ತಿಳಿಯಲಿಲ್ಲ. ತಿಳಿದಿದೆ ಎಂದು ನಟಿಸಲು ಮನಸ್ಸು ಬರಲಿಲ್ಲ.

"ನನಗೆ ಗೊತ್ತಾಗ್ತಿಲ್ಲ," ಎಂದರು. ಆ ಕೋಣೆಯಲ್ಲಿ ಅವರು ಆ ಮಾತು ಹೇಳಿದ್ದು ಅದೇ ಮೊದಲು. "ತೋಳಕ್ಕನ ಕಣ್ಣಿಗೆ ಸರಿ ಅನ್ನಿಸಿದ್ರೆ ಹೊಲೀಲಿ."

ಒಡತಿ ಅವರನ್ನು ಒಂದು ಕ್ಷಣ ದಿಟ್ಟಿಸಿ, "ಹೊಲಿ," ಎಂದು ತೋಳಕ್ಕನಿಗೆ ಹೇಳಿ ಹೊರಟುಹೋದರು.

ಶನಿವಾರ ಮಾಸ್ಟರು ಹದಿನಾಲ್ಕನೇ ಕೋಣೆಯಲ್ಲಿ ಪುಸ್ತಕ ಮುಂದಿಟ್ಟು ತಪ್ಪೊಪ್ಪಿಕೊಂಡರು. ಎರಡು ದಮ್ಮು. ಕಾಜಣ್ಣ ಸಾಕ್ಷಿ. ಕನಸಲ್ಲ.

ಸಲಹೆಗಾರ್ತಿ ಪುಸ್ತಕ ತಿರುವಿದಳು. "ಎಂಟು ದಿನ ಸೇದದೆ ಇದ್ದು ಎರಡು ದಮ್ಮು ಎಳೆದಿದ್ದೀರಿ. ಆಮೇಲೆ?"

"ಆಮೇಲಿಲ್ಲ."

"ಹಾಗಾದ್ರೆ ನೀವು ಎಡವಿದ್ದೀರಿ, ಬಿದ್ದಿಲ್ಲ. ಮತ್ತೆ ಒಂದನೇ ದಿನದಿಂದ ಎಣಿಸೋದೂ ಬೇಡ. ಪಟ್ಟಿ ಮುಂದುವರಿಸಿ." ಹೊಡೆದುಹಾಕಿದ್ದ ಸಾಲಿನ ಹತ್ತಿರ ಅವಳ ಬೆರಳು ನಿಂತಿತು. "ಈ ಕನಸು ಎಷ್ಟು ದಿನದಿಂದ?"

ಮಾಸ್ಟರು ಎಲ್ಲವನ್ನೂ ಹೇಳಿದರು. ಅಚ್ಚು, ತರಚಿದ ಬೆರಳು, ತರಚಿರದ ಬೆರಳು, ಎಂಬತ್ತು ಎಡತೋಳು.

"ಮಲಗುವಾಗ ಪಟ್ಟಿ ತೆಗೀತಿದ್ರಾ?"

"ತೆಗೀಬೇಕಿತ್ತಾ? ದಿನಕ್ಕೊಂದು ಅಂದ್ರಲ್ಲ. ರಾತ್ರಿಯೂ ದಿನಕ್ಕೆ ಸೇರಿದ್ದೇ ಅಲ್ವಾ?"

ಅವಳು ಹಣೆಗೆ ಕೈ ಹಚ್ಚಿದಳು. "ಇಟ್ಕೊಂಡರೂ ತಪ್ಪಿಲ್ಲ. ಆದರೆ ಕೆಲವರಿಗೆ ಅದರಿಂದ ಹೀಗೆ ಕನಸು ಬೀಳುತ್ತೆ. ನಾನು ಮೊದಲೇ ಹೇಳಬೇಕಿತ್ತು, ತಪ್ಪು ನಂದು. ಇವತ್ತಿನಿಂದ ಮಲಗೋ ಮುಂಚೆ ತೆಗೆದುಬಿಡಿ."

ಮಾಸ್ಟರಿಗೆ ಅರ್ಧ ಸಮಾಧಾನವಾಯಿತು. ತನಗೆ ಹುಚ್ಚು ಹಿಡಿದಿಲ್ಲ. ಆದರೆ ಇನ್ನೊಂದು ಮಾತು ಉಳಿದಿತ್ತು.

"ಒಂದು ವಿಷಯ ಕೇಳ್ಬೇಕು. ಮೆಷಿನ್ ಹಾಕೋಕೆ ಮುಂಚೆ ಯಾವಾಗ್ಲೂ ಹೊರಗೆ ಹೋಗಿ ಒಂದು ಸೇದಿ ಬರ್ತಿದ್ದೆ. ಬಂದು ಇನ್ನೊಂದು ಸಲ ಗೆರೆ ನೋಡಿ ಗುಂಡಿ ಒತ್ತುತ್ತಿದ್ದೆ. ಈ ಸಲ ಹೊರಗೆ ಹೋಗಲಿಲ್ಲ, ನೋಡಲೂ ಇಲ್ಲ. ಅಂದ್ರೆ ಇಷ್ಟು ವರ್ಷ ನನ್ನ ಕೆಲಸ ಕಾಯ್ತಾ ಇದ್ದದ್ದು ಸಿಗರೇಟೇ ಅಲ್ವಾ? ಅದನ್ನ ಬಿಟ್ಟು ನಾನು ಹೇಗೆ ಕೆಲಸ ಮಾಡೋದು?"

"ಹೊರಗೆ ಹೋಗೋದನ್ನ ಬಿಡಿ ಅಂತ ಯಾರು ಹೇಳಿದ್ರು?"

"ಮತ್ತೆ?"

"ಹೋಗಿ. ಐದು ನಿಮಿಷ ನಿಂತು ಬನ್ನಿ. ಕೈಯಲ್ಲಿ ಒಂದು ಲೋಟ ನೀರು ಇರಲಿ."

"ಸುಮ್ನೆ ನಿಲ್ಲೋದಾ? ನೋಡಿದವರು ಏನಂದ್ಕೋತಾರೆ?"

ಕೆಲಸದ ನಡುವೆ ಮನುಷ್ಯ ಬರಿಗೈಯಲ್ಲಿ ಐದು ನಿಮಿಷ ನಿಂತರೆ ಸೋಮಾರಿ, ಬೆರಳಲ್ಲಿ ಬೆಂಕಿ ಇದ್ದರೆ ಮಾತ್ರ ಅದು ಬಿಡುವು. ಇದು ಇಬ್ಬರಿಗೂ ಒಟ್ಟಿಗೇ ಹೊಳೆದ ಹಾಗಿತ್ತು. ಮೊದಲ ದಿನ ಖಾಲಿ ಬಿಟ್ಟಿದ್ದ ಜಾಗದಲ್ಲಿ ಅವಳು ಏನನ್ನೋ ಬರೆದುಕೊಂಡಳು. ಏನೆಂದು ಮಾಸ್ಟರು ಕೇಳಲಿಲ್ಲ.

ಕೋಟುಗಳು ಹೊತ್ತಿಗೆ ಸರಿಯಾಗಿ ಹೋದವು. ಮೂರು ವಾರದ ನಂತರ ಒಂದು ಸಂಜೆ ವಾದ್ಯಮೇಳದವರು ಉದ್ಯಾನದಲ್ಲಿ ನುಡಿಸಿದರು. ಮಾಸ್ಟರು ಹೆಂಡತಿಯನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂತರು. ಇಳಿಬಿಸಿಲು ನೇರವಾಗಿ ಕಡುಗೆಂಪಿನ ಮೇಲೆ ಬಿದ್ದಿತ್ತು. ಕಹಳೆಯವರು ಕೈ ಎತ್ತಿದಾಗಲೆಲ್ಲ ಅವರು ಮುಂದಕ್ಕೆ ಬಗ್ಗಿ ಬಲತೋಳು ನೋಡುತ್ತಿದ್ದರು.

"ಏನು ನೋಡ್ತಿದ್ದೀರಿ?"

"ಮೂರನೆಯವನ ತೋಳು ಸ್ವಲ್ಪ ಮಂಕಾಗಿಲ್ವಾ?"

ಹೆಂಡತಿ ನೋಡಿದಳು. "ಅವನ ಕೋಟೇ ಮಂಕು. ಬೆವರಿದ್ದಾನೆ ಪಾಪ."

"ಅವನ ಪಕ್ಕದವನದು?"

"ರೀ, ಒಂದು ಸಲ ಕಣ್ಣು ಮುಚ್ಚಿ ಕೇಳಿ."

ಮಾಸ್ಟರು ಕಣ್ಣು ಮುಚ್ಚಿದರು. ಸಂಗೀತಕ್ಕಿಂತ ಮುಂಚೆ ವಾಸನೆಗಳು ಬಂದವು. ಕತ್ತರಿಸಿದ ಹುಲ್ಲು, ಮುಂದೆ ಕೂತವರ ತಲೆಗೆ ಹಚ್ಚಿದ ಎಣ್ಣೆ, ಒದ್ದೆ ಮಣ್ಣು, ಪಕ್ಕದಲ್ಲಿ ಹೆಂಡತಿಯ ಕೈಯಿಂದ ಆಸ್ಪತ್ರೆಯ ಹೊದಿಕೆಗಳ ಬಿಸಿ ಇಸ್ತ್ರಿ ವಾಸನೆ. ಇಪ್ಪತ್ತು ವರ್ಷದಿಂದ ಅವಳು ಇದೇ ವಾಸನೆ ಹೊತ್ತು ಮನೆಗೆ ಬರುತ್ತಿದ್ದಳೇ? ಕೇಳಿದರೆ ಏನೆಂದುಕೊಳ್ಳುತ್ತಾಳೋ ಎಂದು ಕೇಳಲಿಲ್ಲ. ಎಲ್ಲವೂ ಒಟ್ಟೊಟ್ಟಿಗೆ ಮೂಗಿಗೆ ನುಗ್ಗಿ, ಯಾವುದು ಹೊಸದು, ಯಾವುದು ಮೊದಲಿಂದ ಇದ್ದದ್ದು ಎಂದು ವಿಂಗಡಿಸಲಾರದೆ, ಹಾಗೇ ಕೂತರು. ಕಣ್ಣಂಚು ಒದ್ದೆಯಾಯಿತು. ಇದನ್ನು ಪುಸ್ತಕದಲ್ಲಿ ಬರೆಯಬೇಕೋ ಬೇಡವೋ ಎಂದೂ ಗೊತ್ತಾಗಲಿಲ್ಲ.

ಮೂರು ತಿಂಗಳು ಮುಗಿದಾಗ ದೊಡ್ಡ ಪಟ್ಟಿ ಹೋಗಿ ಸಣ್ಣ ಪಟ್ಟಿ ಬಂದು, ಅದೂ ಹೋಗಿ, ಬರಿಯ ತೋಳು ಉಳಿದಿತ್ತು. ಸಲಹೆಗಾರ್ತಿ ಕೊನೆಯ ಕಾಗದ ಮುಂದಿಟ್ಟಳು. ಯಾವ ವಿಧಾನ ನಿಮಗೆ ಸಹಾಯ ಮಾಡಿತು, ಒಂದಕ್ಕೆ ಮಾತ್ರ ಗುರುತು ಹಾಕಿ ಎಂದಿತ್ತು ಅದರಲ್ಲಿ. ಪಟ್ಟಿ, ಗಮ್ಮು, ಸಲಹೆ, ಮನೋಬಲ, ಇತರೆ.

ಮಾಸ್ಟರು ಪೆನ್ನಿನ ತುದಿಯನ್ನು ಒಂದೊಂದರ ಮೇಲೂ ಹಿಡಿದು ನೋಡಿದರು. ಹೆಂಡತಿಯ ತಮ್ಮ ಸಿಕ್ಕವರಿಗೆಲ್ಲ ತನ್ನ ಸೂಜಿಯ ಮಹಿಮೆ ಹೇಳುತ್ತಿದ್ದ. ಒಡತಿ ಕಾರ್ಖಾನೆಯಲ್ಲಿ, ಮನಸ್ಸು ಮಾಡಿದರೆ ಏನು ಬೇಕಾದರೂ ಆಗುತ್ತದೆ ಎನ್ನುವುದಕ್ಕೆ ಅವರನ್ನೇ ಬೊಟ್ಟು ಮಾಡಿ ತೋರಿಸುತ್ತಿದ್ದರು. ಪಟ್ಟಿ ಇಲ್ಲದಿದ್ದರೆ ಮೊದಲ ವಾರ ದಾಟುತ್ತಿರಲಿಲ್ಲ ಎಂಬುದು ನಿಜ. ಈ ಹುಡುಗಿ ಬೈದಿದ್ದರೆ ಎರಡನೆಯ ಸಲ ಬರುತ್ತಿರಲಿಲ್ಲ ಎಂಬುದೂ ನಿಜ. ಸುಟ್ಟ ರಬ್ಬರಿನ ಆ ರುಚಿ? ಗೊಂಬೆಯ ಮುಂದೆ ನಿಂತು ಗೊತ್ತಿಲ್ಲ ಎಂದಾಗ ಎದೆಯಿಂದ ಇಳಿದ ಭಾರ?

"ಎಲ್ಲದಕ್ಕೂ ಹಾಕಬಹುದಾ?"

"ಒಂದಕ್ಕೇ ಹಾಕ್ಬೇಕಂತೆ. ನಾನು ಇದನ್ನ ಮೇಲಕ್ಕೆ ಕಳಿಸಬೇಕು."

"ನಿಮಗೆ ಯಾವುದು ಬೇಕೋ ಅದಕ್ಕೆ ಹಾಕ್ತೀನಿ."

"ಹಾಗಲ್ಲ ಸರ್, ನಿಮಗೇನು ಅನ್ನಿಸುತ್ತೋ ಅದು."

"ಗೊತ್ತಿಲ್ಲಮ್ಮ," ಎಂದರು ಮಾಸ್ಟರು, ತುಂಬ ಸಂಕೋಚದಿಂದ. ಅವಳು ಕಾಗದ ತನ್ನ ಕಡೆ ಎಳೆದುಕೊಂಡು, ಇತರೆ ಎಂಬಲ್ಲಿ ಗುರುತು ಹಾಕಿ, ಪಕ್ಕದಲ್ಲಿ ಅದನ್ನೇ ದುಂಡಗೆ ಬರೆದಳು: ಗೊತ್ತಿಲ್ಲ.

ಅದಾದ ವಾರ, ನೀರಿನ ಲೋಟ ಹಿಡಿದು ಬಿಡುವಿಗೆ ನಿಂತಿದ್ದಾಗ ಕಾಜಣ್ಣ ಪಕ್ಕಕ್ಕೆ ಬಂದ. ಅವನಿಗೆ ಇತ್ತೀಚೆಗೆ ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗಾಗುತ್ತಿತ್ತು, ಹೆಂಡತಿಗೂ ಹೇಳಿರಲಿಲ್ಲ.

"ಮೇಷ್ಟ್ರೇ, ನಿಜ ಹೇಳಿ. ಹೇಗೆ ಬಿಟ್ರಿ?"

"ಮೊದಲು ಪಟ್ಟಿ," ಎಂದು ಮಾಸ್ಟರು ಶುರು ಮಾಡಿದರು. "ಇಲ್ಲ, ಅದಕ್ಕೂ ಮುಂಚೆ ಕಿವಿಗೆ ಸೂಜಿ. ಆದರೆ ಸೂಜಿಯಿಂದ ಅಂತ ಹೇಳೋಕಾಗಲ್ಲ. ಗಮ್ಮು ಜಗಿದೆ, ಆದರೆ ಜಗೀಬಾರದು. ಆಮೇಲೆ ನಿನ್ನ ಹತ್ರ ಒಂದು ಸೇದಿದೆ, ಅದರಿಂದಲೂ ಸ್ವಲ್ಪ..."

ಕಾಜಣ್ಣ ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಮಾಸ್ಟರು ಮಾತು ನಿಲ್ಲಿಸಿದರು.

"ನನಗೆ ಹೇಳೋಕೆ ಬರಲ್ಲ ಕಾಜಣ್ಣ. ಶನಿವಾರ ನನ್ನ ಜೊತೆ ಬಾ. ಅಲ್ಲೊಬ್ಬ ಹುಡುಗಿ ಇದ್ದಾಳೆ."

"ಏನ್ಮಾಡ್ತಾಳೆ?"

"ಪ್ರಶ್ನೆ ಕೇಳ್ತಾಳೆ. ನಿನಗೆ ಉತ್ತರ ಗೊತ್ತಿರಲ್ಲ. ಪರವಾಗಿಲ್ಲ."

ಕಾಜಣ್ಣ ಕೈಯಲ್ಲಿದ್ದ ಸಿಗರೇಟನ್ನು ನೋಡಿದ. ಹಚ್ಚಿರಲಿಲ್ಲ. ಹಚ್ಚಲೋ ಬೇಡವೋ ಎಂದು ತೀರ್ಮಾನವಾಗದೆ ಅದನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, "ಎಷ್ಟು ಗಂಟೆಗೆ?" ಎಂದ.